ಒಂದೇ ತೋಟ, ನಾಲ್ಕು ವರ್ಷ: ಶಾಂಪೇನ್ ಹೋಲಿಸಿ ಸವಿಯುವುದು ಹೇಗೆ?

ಅಂಗಡಿಯಲ್ಲಿ ಸಿಗುವ ಹೆಚ್ಚಿನ ಶಾಂಪೇನ್ ಹಲವು ಊರುಗಳ, ಹಲವು ವರ್ಷಗಳ ವೈನ್ ಬೆರೆಸಿ ಮಾಡಿದ್ದು. ಪ್ರತಿ ಸಲವೂ ಒಂದೇ ರುಚಿ ಬರಲಿ ಎನ್ನುವುದು ದೊಡ್ಡ ಕಂಪನಿಗಳ ಗುರಿ. ಆದರೆ ಫ್ರಾನ್ಸಿನ ಶಾಂಪೇನ್ ಪ್ರದೇಶದ ಕೆಲವು ಬೆಳೆಗಾರರು ತಮ್ಮ ಒಂದೇ ತೋಟದ ದ್ರಾಕ್ಷಿಯಿಂದ, ಬೇರೇನೂ ಬೆರೆಸದೆ ವೈನ್ ಮಾಡುತ್ತಾರೆ. ಅದರ ಮೂರ್ನಾಲ್ಕು ವರ್ಷದ ಬಾಟಲಿಗಳನ್ನು ಒಟ್ಟಿಗೆ ಸವಿದರೆ ಹವೆ ಬದಲಿಸಿದ್ದು ಏನು, ಮಣ್ಣು ಉಳಿಸಿಕೊಂಡಿದ್ದು ಏನು ಎಂದು ತಿಳಿಯುತ್ತದೆ. ಶಾಂಪೇನ್ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಯಾವ ಬಾಟಲಿ?

ಲೇಬಲ್‌ನಲ್ಲಿ ತೀರಾ ಸಣ್ಣಕ್ಷರದ ‘ಆರ್‌ಎಂ’ ಹುಡುಕಿ. ಬೆಳೆಗಾರರೇ ತಮ್ಮ ದ್ರಾಕ್ಷಿಯಿಂದ ಮಾಡಿದ್ದು ಎಂದರ್ಥ. ‘ಎನ್‌ಎಂ’ ಅಂದರೆ ಹೊರಗಿನಿಂದಲೂ ದ್ರಾಕ್ಷಿ ಕೊಳ್ಳಲು ಪರವಾನಗಿ ಇರುವವರು. ಕೆಲವು ಬೆಳೆಗಾರರೂ ಈ ಪರವಾನಗಿ ಪಡೆದಿರುತ್ತಾರೆ, ಹಾಗಾಗಿ ಈ ಅಕ್ಷರವೊಂದನ್ನೇ ನಂಬಬೇಡಿ.

ನನ್ನ ಮೆಚ್ಚಿನ ಉದಾಹರಣೆ ಬೆಳೆಗಾರ ಝೆರೋಮ್ ಪ್ರೆವೋ ಅವರ ‘ಲಾ ಕ್ಲೋಸ್‌ರಿ ಲೆ ಬೆಗೀನ್’. ರೀಮ್ಸ್ ನಗರದ ಪಶ್ಚಿಮಕ್ಕೆ ಗ್ಯೋ ಎಂಬ ಹಳ್ಳಿಯಿದೆ. ಅಲ್ಲಿ ಸುಮಾರು 2 ಹೆಕ್ಟೇರ್ ತೋಟ. ಮರಳು, ಸುಣ್ಣ, ಹಳೆಯ ಕಡಲ ಚಿಪ್ಪುಗಳ ಪಳೆಯುಳಿಕೆ ತುಂಬಿದ ಮಣ್ಣು. ಮ್ಯುನಿಯೆ ಎಂಬ ಕಪ್ಪು ದ್ರಾಕ್ಷಿ. ಬೆರಕೆಗೆ ಮಾತ್ರ ಲಾಯಕ್ಕು ಎಂದು ಬಹುಕಾಲ ಬದಿಗಿಟ್ಟಿದ್ದ ತಳಿಯದು.

ಶಾಂಪೇನ್ ಮೇಲೆ ವರ್ಷ ನಮೂದಿಸಬೇಕಾದರೆ ಕನಿಷ್ಠ 3 ವರ್ಷ ನೆಲಮಾಳಿಗೆಯಲ್ಲಿ ಇಡಬೇಕು. ವರ್ಷವಿಲ್ಲದ್ದಕ್ಕೆ 15 ತಿಂಗಳು ಸಾಕು. ಪ್ರೆವೋ ಬೇಗ ಬಿಡುಗಡೆ ಮಾಡುವುದರಿಂದ ವರ್ಷ ಬರೆಯುವ ಹಾಗಿಲ್ಲ. ಅದಕ್ಕೆ ಲೇಬಲ್‌ನಲ್ಲಿ ‘ಎಲ್‌ಸಿ13’ ಎಂಬಂಥ ಗುರುತು ಇರುತ್ತದೆ. ಕೊನೆಯ ಎರಡಂಕಿ ಕೊಯ್ಲಿನ ವರ್ಷ.

ಒಂದಕ್ಕೊಂದು ಹೋಲದ ವರ್ಷಗಳನ್ನೇ ಆರಿಸಿ. 2013ರಲ್ಲಿ ತಂಪು ಜಾಸ್ತಿ, ಕೊಯ್ಲು ತಡವಾಗಿ ಅಕ್ಟೋಬರ್‌ವರೆಗೂ ಹೋಯಿತು. 2018ರಲ್ಲಿ ಬಿಸಿಲೂ ಭರ್ಜರಿ, ಬೆಳೆಯೂ ಭರ್ಜರಿ. ಒಂದರಲ್ಲಿ ಹುಳಿ ಚುರುಕು, ಇನ್ನೊಂದರಲ್ಲಿ ಹಣ್ಣು ಮಾಗಿದ ಸೊಗಸು.

ಮೊದಲು ಬರೆದುಕೊಳ್ಳಿ

ಬಹಳ ಜನ ಈ ಹಂತ ಬಿಟ್ಟುಬಿಡುತ್ತಾರೆ. ಎರಡು ಬಾಟಲಿಗಳ ವ್ಯತ್ಯಾಸಕ್ಕೆ ವರ್ಷವೊಂದೇ ಕಾರಣವಲ್ಲ. ಗುಳ್ಳೆ ಬರಲೆಂದು ಬಾಟಲಿಯೊಳಗೇ ಹುದುಗಿಸಿದಾಗ ಉಳಿಯುವ ಯೀಸ್ಟಿನ ಗಸಿ ತೆಗೆದದ್ದು ಯಾವಾಗ, ಆಮೇಲೆ ಸಕ್ಕರೆ ಎಷ್ಟು ಸೇರಿಸಿದರು ಎನ್ನುವುದೂ ರುಚಿ ಬದಲಿಸುತ್ತದೆ. ಇವೆರಡನ್ನೂ ಬರೆದುಕೊಳ್ಳಿ. ಲೇಬಲ್‌ನಲ್ಲಿ ‘ಎಕ್ಸ್‌ಟ್ರಾ ಬ್ರೂಟ್’ ಎಂದಿದ್ದರೆ ಲೀಟರಿಗೆ 6 ಗ್ರಾಂವರೆಗೆ ಸಕ್ಕರೆ ಇರಬಹುದು, ‘ಬ್ರೂಟ್’ ಎಂದಿದ್ದರೆ 12 ಗ್ರಾಂಗಿಂತ ಕಡಿಮೆ. ಎಷ್ಟೋ ಬೆಳೆಗಾರರು ಬಾಟಲಿಯ ಹಿಂಬದಿಯ ಲೇಬಲ್‌ನಲ್ಲಿ ಇದನ್ನೆಲ್ಲ ಅಚ್ಚು ಹಾಕುತ್ತಾರೆ. ಇಲ್ಲದಿದ್ದರೆ ಕಾರ್ಕ್ ನೋಡಿ. ಇತ್ತೀಚೆಗೆ ಗಸಿ ತೆಗೆದ ಬಾಟಲಿಯ ಕಾರ್ಕ್ ಹೊರಬಂದ ಕೂಡಲೇ ಬುಡದಲ್ಲಿ ಅಗಲವಾಗಿ ಉಬ್ಬುತ್ತದೆ. ವರ್ಷಗಳು ಕಳೆದಿದ್ದರೆ ಗೂಟದ ಹಾಗೆ ನೇರವಾಗಿ ಉಳಿಯುತ್ತದೆ.

ತಂಪು, ಗ್ಲಾಸು, ತೆರೆಯುವ ಬಗೆ

ಹಿಂದಿನ ದಿನವೇ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ. ಸವಿಯುವಾಗ 10ರಿಂದ 12 ಡಿಗ್ರಿ ಇರಲಿ. ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿದರೆ ಎಲ್ಲವೂ ಒಂದೇ ಥರ ಅನ್ನಿಸುತ್ತದೆ, ಚಳಿಗೆ ಪರಿಮಳ ಏಳುವುದೇ ಇಲ್ಲ. ಕೊಳವೆಯಂಥ ಗ್ಲಾಸು ಬೇಡ. ಬಿಳಿ ವೈನಿನ ಗ್ಲಾಸು ಸಾಕು, ಎಲ್ಲ ಒಂದೇ ಅಳತೆಯವಾಗಿರಲಿ. ಸೋಪಿನ ಅಂಶ ಉಳಿದರೆ ಗುಳ್ಳೆ ಸಾಯುತ್ತದೆ, ಬಿಸಿನೀರಿನಲ್ಲಿ ಚೆನ್ನಾಗಿ ಜಾಲಿಸಿ.

ಬಾಟಲಿಯೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ 5–6 ಪಟ್ಟು. ತಂತಿ ಸಡಿಲಿಸುವಾಗಿಂದಲೇ ಕಾರ್ಕ್ ಮೇಲೆ ಹೆಬ್ಬೆರಳು ಇರಲಿ, ಬಾಟಲಿ ಯಾರ ಮುಖದ ಕಡೆಗೂ ತಿರುಗದಿರಲಿ. ಕಾರ್ಕ್ ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ.

ಸವಿಯುವಾಗ

ತಲಾ 60–70 ಮಿಲಿಯಂತೆ ನಾಲ್ಕನ್ನೂ ಒಟ್ಟಿಗೆ ಸುರಿಯಿರಿ. ಎರಡು ಸುತ್ತು ಸುರಿದು ಮರುದಿನಕ್ಕೂ ಸ್ವಲ್ಪ ಉಳಿಯಬೇಕೆಂದರೆ ಒಂದು ಬಾಟಲಿ ನಾಲ್ಕೈದು ಜನಕ್ಕೆ ಬರುತ್ತದೆ. ದುಬಾರಿ ವೈನ್ ಆದ್ದರಿಂದ ಗೆಳೆಯರು ಸೇರಿ ಕೊಳ್ಳುವುದೇ ಸರಿ. ಉಗುಳಲು ಲೋಟ ಇಡಿ, ಸಂಕೋಚ ಬೇಡ.

ಹೊಸದರಿಂದ ಹಳೆಯದಕ್ಕೆ ಹೋಗಿ. ಮೊದಲು ಗ್ಲಾಸು ಅಲ್ಲಾಡಿಸದೆ ಮೂಸಿ. ನಂತರ ಸಣ್ಣ ಗುಟುಕು. ಹುಳಿ ಎಲ್ಲಿ ತಾಗುತ್ತದೆ, ಗುಳ್ಳೆ ಒರಟೋ ನುಣುಪೋ, ನುಂಗಿದ ಮೇಲೆ ಏನು ಉಳಿಯುತ್ತದೆ ಎಂದು ಗಮನಿಸಿ. ನಡುನಡುವೆ ಒಗ್ಗರಣೆ ಹಾಕದ ಕಡಲೆಪುರಿ ಅಥವಾ ಸಪ್ಪೆ ಬ್ರೆಡ್ ತಿನ್ನಿ. ಖಾರ ಬಂದರೆ ನಾಲಿಗೆಯ ಕೆಲಸ ಅಲ್ಲಿಗೆ ಮುಗೀತು.

ಬಳಿಕ ಅರ್ಧ ಗಂಟೆ ಸುಮ್ನೆ ಬಿಡಿ. ಗುಳ್ಳೆ ಇಳಿದ ಮೇಲೆ ವೈನ್ ತನ್ನ ನಿಜ ರೂಪ ತೋರಿಸುತ್ತದೆ. ಆಗ ಎರಡನೇ ಸುತ್ತು ಮಾಡಿ, ಈ ಸಲ ಬಾಟಲಿಗೆ ಕಾಗದ ಸುತ್ತಿ, ಕ್ರಮ ಬದಲಿಸಿ. ಹೆಸರು ಕಾಣದಾಗಲೂ ನಾಲ್ಕರಲ್ಲೂ ಸಿಗುವ ಒಂದು ಗುಣವನ್ನು ಹುಡುಕಿ. ಉಪ್ಪಿನ ಛಾಯೆಯೋ, ಕಿತ್ತಳೆ ಸಿಪ್ಪೆಯ ಕಹಿಯೋ, ಏನೇ ಇರಲಿ, ಬರೆದಿಡಿ. ತೋಟದ ಗುರುತು ಅದೇ ಇರಬೇಕು. ಬೇರೆ ಬೇರೆಯಾಗಿ ಕಂಡದ್ದನ್ನು ಮೊದಲೇ ಬರೆದ ಸಕ್ಕರೆ ಮತ್ತು ಗಸಿ ತೆಗೆದ ದಿನಾಂಕದ ಜತೆ ತಾಳೆ ನೋಡಿ. ಆಮೇಲಷ್ಟೇ ವರ್ಷದ ಹವೆಯ ಮಾತು ಎತ್ತಿ.

ಪ್ರತಿ ಬಾಟಲಿಯಲ್ಲೂ ಸ್ವಲ್ಪ ಉಳಿಸಿ. ಗುಳ್ಳೆ ಹೊರಹೋಗದಂತೆ ಬಿಗಿಯಾಗಿ ಹಿಡಿಯುವ ಶಾಂಪೇನ್ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟು ಮರುದಿನ ಮತ್ತೆ ಸವಿದು, ಹಿಂದಿನ ದಿನದ ಟಿಪ್ಪಣಿಯ ಕೆಳಗೇ ಬರೆಯಿರಿ.