ಡಿಕ್ಕಿಯೊಳಗೆ ನೀರು: ತೂತು ಇದ್ದದ್ದು ಹಿಂದಿನ ಲೈಟಿನಲ್ಲಿ

ಮಳೆ ಬಂದಾಗಲೆಲ್ಲ ಕಾರಿನ ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ನೀರು. ಡಿಕ್ಕಿ ಬಾಗಿಲಿನ ರಬ್ಬರ್ ಹೋಗಿದೆ ಅಂತ ಎಲ್ಲರೂ ಹೇಳಿದರು, ನನಗೇಕೋ ಅನುಮಾನ. ಒಳಗಿನ ಟ್ರಿಮ್ (ಹೊದಿಕೆ) ಬಿಚ್ಚಿ, ತಮ್ಮನಿಗೆ ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಹೊರಗಿನಿಂದ ಪೈಪ್ ಹಿಡಿದು ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟೆ. "ಅಣ್ಣಾ, ಎಡಗಡೆ ಲೈಟಿನ ಹಿಂದೆ ಇಳೀತಿದೆ!"

ನಟ್ ಬಿಚ್ಚಿ ಲೈಟ್ ಹೊರಗೆ ಎಳೆದರೆ, ನೀರು ತಡೆಯುವ ಸ್ಪಂಜಿನ ಪಟ್ಟಿ, ಅಂದರೆ ಗ್ಯಾಸ್ಕೆಟ್, ಮೇಲಿನ ಮೂಲೆಯಲ್ಲಿ ಹಪ್ಪಳದ ಹಾಗೆ ಚಪ್ಪಟೆ. ನೀರು ಹರಿದ ಜಾಡು ಬಾಡಿಯ ಮೇಲೆ ಕೆಸರಿನ ಗೆರೆಯಾಗಿ ಕಾಣುತ್ತಿತ್ತು.

ಸ್ಪಿರಿಟ್‌ನಿಂದ ಒರೆಸಿ ಹೊಸ ಗ್ಯಾಸ್ಕೆಟ್ ಹಾಕಿದೆ, ಬೋಲ್ಟ್‌ಗಳ ಬುಡಕ್ಕೆ ಬ್ಯೂಟೈಲ್ ಟೇಪ್ (ನೀರು ತಡೆಯುವ ರಬ್ಬರಿನಂಥ ಅಂಟು ಪಟ್ಟಿ) ಸುತ್ತಿದೆ. ವಿನೆಗರ್ ವಾಸನೆಯ ಸಿಲಿಕೋನ್ ಅಂಟು ಮಾತ್ರ ಬೇಡವೇ ಬೇಡ, ತಗಡಿಗೆ ತುಕ್ಕು ಹಿಡಿಸುತ್ತದೆ. ನಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿ ಮಾಡಬೇಕು, ಜೋರು ಮಾಡಿದರೆ ಲೈಟಿನ ಪ್ಲಾಸ್ಟಿಕ್ ಸೀಳುತ್ತದೆ. ಮತ್ತೆ ಪೈಪ್ ಹಿಡಿದು ನೋಡಿದೆ, ಒಂದು ಹನಿಯೂ ಇಳಿಯಲಿಲ್ಲ.