ಓಪನ್ ಸೋರ್ಸ್ ಪ್ರಾಜೆಕ್ಟ್ ನೋಡ್ಕೊಳ್ಳೋಕೆ ಹೊಸ ಜನ ಹುಡುಕೋದು ಹೇಗೆ

ಪ್ರಾಜೆಕ್ಟ್ ಪರಿಚಯ ಇರೋ ರೀಡ್‌ಮಿ ಫೈಲ್ ಮೇಲ್ಗಡೆ ದಪ್ಪಕ್ಷರದಲ್ಲಿ "ಮೇಂಟೇನರ್ (ಪ್ರಾಜೆಕ್ಟ್ ನೋಡ್ಕೊಳ್ಳೋರು) ಬೇಕಾಗಿದ್ದಾರೆ" ಅಂತ ಬೋರ್ಡ್ ಹಾಕಿ ಕಾಯ್ತಾ ಕೂತ್ರೆ ಸಾಮಾನ್ಯವಾಗಿ ಯಾರೂ ಬರಲ್ಲ. ಅದನ್ನ ಓದಿದವ್ರಲ್ಲಿ ಹೆಚ್ಚಿನವ್ರು "ಓ, ಇದು ಮುಳುಗ್ತಾ ಇದೆ" ಅಂದ್ಕೊಂಡು ಬೇರೆ ಲೈಬ್ರರಿ ಹುಡುಕೋಕೆ ಹೋಗ್ತಾರೆ, ಉಳಿದವ್ರಿಗೆ ಆಸೆ ಇದ್ರೂ ಮೇಂಟೇನರ್ ಅಂದ್ರೆ ವಾರಕ್ಕೆ ಎಷ್ಟು ಗಂಟೆ, ಯಾವ ಕೆಲಸ, ಎಷ್ಟು ವರ್ಷ ಅಂತ ಏನೂ ಗೊತ್ತಾಗಲ್ಲ, ಅಳತೇನೇ ಇಲ್ಲದ ಜವಾಬ್ದಾರಿಗೆ ಯಾರು ತಾನೇ ಹೂಂ ಅಂತಾರೆ ಹೇಳಿ. ಹಾಗಾಗಿ ಜನ ಹುಡುಕೋಕೆ ಮುಂಚೆ ಕೆಲಸವನ್ನ ಬಿಡಿಸಿ ಇಡ್ಬೇಕು.

ಎರಡು ವಾರ ಪ್ರಾಜೆಕ್ಟ್‌ಗೆ ಅಂತ ಏನೇನು ಮಾಡ್ತೀರೋ ಎಲ್ಲಾ ಬರೆದಿಡಿ. ಡೂಪ್ಲಿಕೇಟ್ ಇಶ್ಯೂ (ಬಳಸೋರು ಹಾಕೋ ದೂರು, ಪ್ರಶ್ನೆ) ಮುಚ್ಚೋದು, "ಯಾವ ವರ್ಷನ್ ಬಳಸ್ತಿದ್ದೀರಾ" ಅಂತ ಕೇಳೋದು, ಪುಲ್ ರಿಕ್ವೆಸ್ಟ್ (ಬೇರೆಯವ್ರು ಸೇರಿಸಿ ಅಂತ ಕಳಿಸೋ ಕೋಡ್) ರಿವ್ಯೂ, ಮುರಿದ ಟೆಸ್ಟ್ ಸರಿ ಮಾಡೋದು, ಚೇಂಜ್‌ಲಾಗ್ ಬರೆಯೋದು, ರಿಲೀಸ್, ಸೆಕ್ಯುರಿಟಿ ಮೇಲ್‌ಗೆ ಉತ್ತರ, ಡೊಮೇನ್ ರಿನ್ಯೂವಲ್. ಪಟ್ಟಿ ನೋಡಿದ್ರೆ ಕೋಡ್ ಬರೆಯೋದು ಅದರಲ್ಲಿ ಸಣ್ಣ ಪಾಲು ಅಂತ ಗೊತ್ತಾಗತ್ತೆ, ಅಂದ್ರೆ ನಿಮಗೆ ಬೇಕಾಗಿರೋದು ನಿಮ್ಮಂಥದೇ ಇನ್ನೊಂದು ತಲೆ ಅಂತೇನಿಲ್ಲ, ಇದರಲ್ಲಿ ಒಂದೊಂದು ಸಾಲನ್ನ ಹಿಡ್ಕೊಳ್ಳೋ ಮೂರ್ನಾಲ್ಕು ಜನ ಸಾಕು. ಆಮೇಲೆ ಕೋಡ್ ಬದಲಾವಣೆಗಳ ದಾಖಲೆ ಇಡೋ ಗಿಟ್‌ನಲ್ಲಿ ಶಾರ್ಟ್‌ಲಾಗ್ ಕಮಾಂಡ್ ಓಡಿಸಿ ಕಳೆದ ವರ್ಷದ ಕಮಿಟ್‌ಗಳಲ್ಲಿ (ದಾಖಲಾದ ಬದಲಾವಣೆಗಳಲ್ಲಿ) ನಿಮ್ಮ ಪಾಲು ಎಷ್ಟು ನೋಡಿ, ಬಸ್ ಫ್ಯಾಕ್ಟರ್, ಅಂದ್ರೆ ಎಷ್ಟು ಜನ ಕೈಬಿಟ್ರೆ ಪ್ರಾಜೆಕ್ಟ್ ನಿಂತುಹೋಗತ್ತೆ ಅನ್ನೋ ಲೆಕ್ಕ, ಒಂದಾ ಎರಡಾ ಅಂತ ಅಲ್ಲೇ ಕಾಣತ್ತೆ. 2014ರಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ಸೆಕ್ಯುರಿಟಿ ಬಗ್ ಸಿಕ್ಕಾಗ ಜಗತ್ತಿನ ವೆಬ್ ಸರ್ವರ್‌ಗಳಲ್ಲಿ ಬಹುಪಾಲು ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಅನ್ನೋ ಎನ್‌ಕ್ರಿಪ್ಶನ್ ಲೈಬ್ರರಿಗೆ (ಬಗ್ ಇದ್ದಿದ್ದು ಇದರಲ್ಲೇ) ಫುಲ್ ಟೈಮ್ ಕೆಲಸ ಮಾಡ್ತಿದ್ದೋರು ಒಬ್ರೇ, ದೇಣಿಗೆ ಬರ್ತಿದ್ದಿದ್ದು ವರ್ಷಕ್ಕೆ ಸುಮಾರು 2000 ಡಾಲರ್. ಪ್ರಾಜೆಕ್ಟ್ ದೊಡ್ಡದಾಗಿದ್ರೆ ಜನ ತಾವಾಗೇ ಬರ್ತಾರೆ ಅನ್ನೋ ನಂಬಿಕೆ ಸುಳ್ಳು ಅನ್ನೋಕೆ ಇದೊಂದು ಉದಾಹರಣೆ ಸಾಕು.

ಇನ್ನು ಎಲ್ಲಿ ಹುಡುಕೋದು? ದೂರ ಹೋಗ್ಬೇಡಿ, ನಿಮ್ಮ ಮುಚ್ಚಿದ ಇಶ್ಯೂಗಳ ಪಟ್ಟಿಯಲ್ಲೇ ಹುಡುಕಿ. ಬೇರೆಯವ್ರು ಹಾಕಿದ ಬಗ್‌ನ ತನ್ನ ಮಷೀನ್‌ನಲ್ಲಿ ಓಡಿಸಿ "ನನಗೂ ಬರ್ತಿದೆ, ಈ ವರ್ಷನ್‌ನಿಂದ ಶುರುವಾಗಿದೆ" ಅಂತ ಹೇಳಿದೋರು, ನೀವು ಉತ್ತರ ಕೊಡೋಕೆ ಮುಂಚೆನೇ ಇನ್ನೊಬ್ಬರ ಪ್ರಶ್ನೆಗೆ ಉತ್ತರ ಕೊಟ್ಟೋರು, ಮೂರನೇ ಸಲ ಪ್ಯಾಚ್ (ತಿದ್ದಿದ ಕೋಡ್) ಕಳಿಸಿದೋರು. ನನ್ ಪ್ರಕಾರ ಹತ್ತು ಸಾವಿರ ಸಾಲಿನ ಹೊಸ ಫೀಚರ್ ಒಂದೇ ಸಲ ತಂದು ಸುರಿಯೋರಿಗಿಂತ ಇವ್ರೇ ಒಳ್ಳೇ ಮೇಂಟೇನರ್ ಆಗ್ತಾರೆ, ಯಾಕಂದ್ರೆ ಮೇಂಟೆನೆನ್ಸ್ ಅಂದ್ರೆ ಬಹುಪಾಲು ಬೇರೆಯವ್ರ ಸಮಸ್ಯೆ ತಾಳ್ಮೆಯಿಂದ ಕೇಳೋದೇ. ಇನ್ನೊಂದು ಕಡೆ ಫೋರ್ಕ್‌ಗಳು, ಅಂದ್ರೆ ಬೇರೆಯವ್ರು ಮಾಡ್ಕೊಂಡಿರೋ ನಿಮ್ಮ ಕೋಡ್‌ನ ನಕಲುಗಳು. ಮುಟ್ಟದೇ ಬಿದ್ದಿರೋ ಫೋರ್ಕ್ ಬಿಡಿ, ನಿಮ್ಮ ಮೇನ್ ಬ್ರಾಂಚ್‌ಗಿಂತ ಹದಿನೈದು ಇಪ್ಪತ್ತು ಕಮಿಟ್ ಮುಂದೆ ಇರೋದು ಯಾವುದಾದ್ರೂ ಇದ್ರೆ ಅಲ್ಲಿ ಯಾರೋ ನಿಮ್ಮ ಕೋಡನ್ನ ಆಗ್ಲೇ ಮೇಂಟೇನ್ ಮಾಡ್ತಿದ್ದಾರೆ ಅಂತ ಅರ್ಥ. ಡೆಬಿಯನ್, ಫೆಡೋರಾ ಥರದ ಲಿನಕ್ಸ್ ಆವೃತ್ತಿಗಳಿಗೆ ನಿಮ್ಮ ಸಾಫ್ಟ್‌ವೇರ್ ಪ್ಯಾಕೇಜ್ ಮಾಡೋರೂ ಹಾಗೇ, ಅವ್ರ ಹತ್ರ ನಿಮಗೆ ಕಳಿಸದೇ ಇರೋ ಪ್ಯಾಚ್ ಇರೋ ಸಾಧ್ಯತೆ ಜಾಸ್ತಿ. ಕೆಲಸದ ಜಾಗದಲ್ಲಿ ನಿಮ್ಮ ಲೈಬ್ರರಿ ಬಳಸೋರನ್ನ ಮರೀಬೇಡಿ, ಅವ್ರಿಗೆ ಆಫೀಸ್ ಸಮಯದಲ್ಲೇ ಇದನ್ನ ಮಾಡೋಕೆ ಕಾರಣ ಇರತ್ತೆ.

ಸಿಕ್ಕಿದ್ಮೇಲೆ ಅವ್ರನ್ನ ನೇರವಾಗಿ, ಹೆಸರಿಟ್ಟು ಕೇಳಿ. ಎಲ್ಲರನ್ನೂ ಉದ್ದೇಶಿಸಿ ಕೇಳಿದ್ರೆ ಯಾರನ್ನೂ ಕೇಳಿದಂಗಾಗಲ್ಲ, ಜೊತೆಗೆ ಬಹಳ ಜನಕ್ಕೆ ತಾವು ಅದಕ್ಕೆ ಲಾಯಕ್ಕು ಅನ್ನೋ ಧೈರ್ಯನೇ ಇರಲ್ಲ. ಮೆಸೇಜ್ ಹೀಗಿರ್ಲಿ: "ವಿಂಡೋಸ್ ಪಾತ್ ಬಗ್ ವಿಷಯದಲ್ಲಿ ನೀವು ಮಾಡಿದ ಕೆಲಸ ನೋಡ್ದೆ, ತುಂಬಾ ಉಪಯೋಗ ಆಯ್ತು. ವಿಂಡೋಸ್‌ಗೆ ಸಂಬಂಧಪಟ್ಟ ಇಶ್ಯೂಗಳಿಗೆ ಲೇಬಲ್ ಹಾಕೋದು, ಮುಚ್ಚೋದು ನೀವು ನೋಡ್ಕೋತೀರಾ? ವಾರಕ್ಕೆ ಒಂದು ಗಂಟೆ ಸಾಕು, ಮೂರು ತಿಂಗಳು ಮಾಡಿ ನೋಡಿ, ಬೇಡ ಅನ್ಸಿದ್ರೆ ಹೇಳಿ, ಬೇಜಾರಿಲ್ಲ." ಯಾಕೆ ಅವ್ರನ್ನೇ ಕೇಳ್ತಿದ್ದೀರಾ, ಎಷ್ಟು ಕೆಲಸ, ಹೊರಗೆ ಹೋಗೋ ದಾರಿ ಎಲ್ಲಿ, ಈ ಮೂರೂ ಅದರಲ್ಲಿದೆ. ಹೊರಗೆ ಹೋಗೋ ದಾರಿ ಕಾಣ್ಸಿದ್ರೆ ಜನ ಒಳಗೆ ಬರೋಕೆ ಹೆದರಲ್ಲ.

ಪೂರ್ತಿ ಹೊಸಬರು ಬೇಕು ಅಂದ್ರೆ ಬಾಗಿಲು ತೆಗೆದಿರ್ಬೇಕು. ಹೊಸ ಮಷೀನ್‌ನಲ್ಲಿ ಕೋಡ್ ಕ್ಲೋನ್ ಮಾಡಿ (ನಕಲು ಇಳಿಸಿ) ಟೆಸ್ಟ್ ಓಡ್ಸೋಕೆ ಎಷ್ಟು ಹೊತ್ತು ಹಿಡಿಯತ್ತೆ ನೀವೇ ನೋಡಿ, ಅರ್ಧ ಗಂಟೆ ಮೀರಿದ್ರೆ ಮೊದ್ಲು ಅದನ್ನ ಸರಿ ಮಾಡಿ, ಆ ಹೆಜ್ಜೆಗಳನ್ನೇ ಹೊಸಬರಿಗೆ ದಾರಿ ಹೇಳೋ ಕಾಂಟ್ರಿಬ್ಯೂಟಿಂಗ್ ಫೈಲ್‌ಗೆ ಹಾಕಿ. ಹೊಸಬರು ಮಾಡಬಹುದಾದ ಕೆಲಸಕ್ಕೆ "ಗುಡ್ ಫಸ್ಟ್ ಇಶ್ಯೂ" ಲೇಬಲ್ ಹಾಕ್ಬೇಕಾದ್ರೆ ಬರೀ ಲೇಬಲ್ ಅಂಟಿಸಿ ಬಿಡ್ಬೇಡಿ, ಯಾವ ಫೈಲ್, ಯಾವ ಫಂಕ್ಷನ್, ಕೆಲಸ ಮುಗೀತು ಅಂತ ಹೇಗೆ ಗೊತ್ತಾಗತ್ತೆ ಅಂತ ಬರೀರಿ. ಅದನ್ನ ಬರೆಯೋ ಹೊತ್ತಲ್ಲಿ ನೀವೇ ಸರಿ ಮಾಡ್ಬಿಡಬಹುದಿತ್ತು ಅನ್ಸತ್ತೆ, ಖಂಡಿತ ಅನ್ಸತ್ತೆ, ಆದ್ರೂ ಕೈ ಕಟ್ಕೊಂಡು ಕೂರಿ. ಮತ್ತೆ ಮೊದಲ ಪ್ಯಾಚ್ ಬಂದಾಗ ಎರಡು ಮೂರು ದಿನದೊಳಗೆ ಏನಾದ್ರೂ ಉತ್ತರ ಕೊಡಿ, "ನೋಡ್ದೆ, ಭಾನುವಾರ ಪೂರ್ತಿ ಓದ್ತೀನಿ" ಅಂದ್ರೂ ಸಾಕು. ಎರಡು ತಿಂಗಳು ಸುಮ್ನಿದ್ದು ಆಮೇಲೆ ಹದಿನೆಂಟು ಕಾಮೆಂಟ್ ಹಾಕಿದ್ರೆ ಆ ಮನುಷ್ಯ ವಾಪಸ್ ಬರಲ್ಲ.

ಹೊಸಬರಿಗೆ ದುಡ್ಡು ಕೊಟ್ಟು ಓಪನ್ ಸೋರ್ಸ್ ಕೆಲಸ ಕಲಿಸೋ ಕಾರ್ಯಕ್ರಮಗಳೂ ಇವೆ: ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೀತಿದೆ, ಔಟ್‌ರೀಚಿ ಇದೆ, ಎರಡೂ ಒಳ್ಳೇವು, ಆದ್ರೆ ಮೆಂಟರ್ ಆಗೋಕೆ ನಿಮ್ಮ ಹತ್ರ ಸಮಯ ಇದ್ರೆ ಮಾತ್ರ. ಅಕ್ಟೋಬರ್‌ನಲ್ಲಿ ಪುಲ್ ರಿಕ್ವೆಸ್ಟ್ ಕಳಿಸೋಕೆ ಜನರನ್ನ ಹುರಿದುಂಬಿಸೋ ಹ್ಯಾಕ್ಟೋಬರ್‌ಫೆಸ್ಟ್ ವಿಷಯದಲ್ಲಿ ಸ್ವಲ್ಪ ಹುಷಾರು, 2020ರಲ್ಲಿ ಟೀ ಶರ್ಟ್ ಆಸೆಗೆ ಅರ್ಥವಿಲ್ಲದ ಪುಲ್ ರಿಕ್ವೆಸ್ಟ್‌ಗಳು ಎಷ್ಟು ಬಂದ್ವು ಅಂದ್ರೆ ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ನಿಯಮವನ್ನೇ ಬದಲಾಯಿಸ್ಬೇಕಾಯ್ತು.

ಈಗ ಅಧಿಕಾರದ ವಿಷಯ, ಬಹಳ ಪ್ರಾಜೆಕ್ಟ್ ಎಡವೋದು ಇಲ್ಲೇ. ಕೆಲಸ ಕೊಟ್ಟು ಕೀ ಕೊಡ್ದೆ ಇದ್ರೆ ಜನ ಬೇಸತ್ತು ಹೋಗ್ತಾರೆ, ಎಲ್ಲಾ ಕೀ ಒಂದೇ ದಿನ ಕೊಟ್ರೆ ಇನ್ನೂ ಕೆಟ್ಟದ್ದಾಗಬಹುದು. ಕೋಡ್ ಇಡೋ ಸೈಟ್ ಗಿಟ್‌ಹಬ್‌ನಲ್ಲಿ ರೆಪೊ (ಪ್ರಾಜೆಕ್ಟ್‌ನ ಕೋಡ್ ಇರೋ ಜಾಗ) ನಿಮ್ಮ ಸ್ವಂತ ಅಕೌಂಟ್‌ನಲ್ಲಿದ್ರೆ ಆರ್ಗನೈಸೇಶನ್ ಅಕೌಂಟ್‌ಗೆ ಸಾಗಿಸಿ, ಹಳೇ ಲಿಂಕ್ ತಾನಾಗೇ ಹೊಸದಕ್ಕೆ ಹೋಗತ್ತೆ, ಅಲ್ಲಿ ಟ್ರಯಾಜ್ ಅಂತ ಒಂದು ರೋಲ್ ಇದೆ, ಇಶ್ಯೂ ನಿಭಾಯಿಸಬಹುದು, ಕೋಡ್ ಮುಟ್ಟೋಕಾಗಲ್ಲ. ಮೊದ್ಲು ಅದು ಕೊಡಿ. ಕೆಲವು ತಿಂಗಳಾದ್ಮೇಲೆ ರೈಟ್ ಹಕ್ಕು (ಕೋಡ್ ಬದಲಾಯಿಸೋ ಹಕ್ಕು), ಮೇನ್ ಬ್ರಾಂಚ್‌ಗೆ ಇನ್ನೊಬ್ಬರ ರಿವ್ಯೂ ಕಡ್ಡಾಯ ಮಾಡಿ, ನಿಮಗೂ ಸೇರಿಸಿ. ರಿಲೀಸ್ ಹಕ್ಕು ಕೊನೆಗೆ.

ಯಾಕೆ ಇಷ್ಟು ನಿಧಾನ ಅಂತೀರಾ? 2018ರಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರ ಎನ್‌ಪಿಎಂನ ಇವೆಂಟ್‌ಸ್ಟ್ರೀಮ್ ಪ್ಯಾಕೇಜನ್ನ ಅದರ ಲೇಖಕ ಸಹಾಯ ಮಾಡ್ತೀನಿ ಅಂತ ಬಂದ ಅಪರಿಚಿತನಿಗೆ ಬಿಟ್ಟುಕೊಟ್ರು, ಆತ ಬಿಟ್‌ಕಾಯಿನ್ ವಾಲೆಟ್ ಕದಿಯೋ ಕೋಡ್ ತೂರಿಸಿದ. 2024ರ ಎಕ್ಸ್‌ಝಡ್ (ಫೈಲ್ ಕುಗ್ಗಿಸೋ ಸಾಫ್ಟ್‌ವೇರ್) ಪ್ರಕರಣ ಇನ್ನೂ ಸೂಕ್ಷ್ಮ, ಅಲ್ಲಿ ಒಂದು ಅಕೌಂಟ್ ಎರಡು ವರ್ಷಕ್ಕೂ ಹೆಚ್ಚು ಕಾಲ ನಿಜವಾಗ್ಲೂ ಉಪಯೋಗಕ್ಕೆ ಬರೋ ಪ್ಯಾಚ್ ಕಳಿಸ್ತು, ಪಕ್ಕದಲ್ಲಿ ಯಾರ್ಯಾರೋ ಬಂದು ಸುಸ್ತಾಗಿದ್ದ ಮೇಂಟೇನರ್‌ಗೆ "ಯಾಕಿಷ್ಟು ನಿಧಾನ, ಬೇರೆಯವ್ರಿಗೆ ಕೊಡಿ" ಅಂತ ಒತ್ತಡ ಹಾಕಿದ್ರು. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್‌ಗೆ ಎಸ್‌ಎಸ್‌ಎಚ್ ಲಾಗಿನ್ (ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗೋದು) ಅರ್ಧ ಸೆಕೆಂಡ್ ನಿಧಾನ ಆಗಿದ್ದು ಕಣ್ಣಿಗೆ ಬಿದ್ದಿದ್ರಿಂದ, ಹಕ್ಕು ಸಿಕ್ಕ ಆ ಅಕೌಂಟ್ ತೂರಿಸಿದ್ದ ಬ್ಯಾಕ್‌ಡೋರ್ (ಕಳ್ಳದಾರಿ) ಹೊರಬಿತ್ತು. ಆ ದಾಳಿ ಶುರು ಮಾಡೋ ತುಣುಕು ಗಿಟ್‌ನಲ್ಲಿರ್ಲಿಲ್ಲ, ರಿಲೀಸ್ ಟಾರ್‌ಬಾಲ್‌ನಲ್ಲಿ (ಬಿಡುಗಡೆಗೆ ಅಂತ ಕಟ್ಟಿದ ಫೈಲ್‌ನಲ್ಲಿ) ಮಾತ್ರ ಇತ್ತು. ಹಾಗಾಗಿ ರಿಲೀಸ್ ಯಾರ ಲ್ಯಾಪ್‌ಟಾಪ್‌ನಿಂದಲೂ ಹೋಗ್ಬಾರ್ದು, ಎಲ್ಲರಿಗೂ ಕಾಣೋ ಸಿಐ ಪೈಪ್‌ಲೈನ್‌ನಿಂದ (ತಾನಾಗೇ ಟೆಸ್ಟ್, ಬಿಲ್ಡ್ ಮಾಡೋ ವ್ಯವಸ್ಥೆಯಿಂದ) ಹೋಗ್ಲಿ, ಪೈಥಾನ್ ಪ್ಯಾಕೇಜ್‌ಗಳ ಭಂಡಾರ ಪೈಪಿಐನಲ್ಲಿ ಟ್ರಸ್ಟೆಡ್ ಪಬ್ಲಿಶಿಂಗ್ ಇಟ್ರೆ ಟೋಕನ್ (ಪ್ರಕಟಿಸೋ ಪಾಸ್‌ವರ್ಡ್ ಥರದ್ದು) ಹಂಚೋ ತಾಪತ್ರಯಾನೂ ತಪ್ಪತ್ತೆ. ಬೇಗ ಕೊಡಿ ಅಂತ ಗಲಾಟೆ ಜೋರಾದಷ್ಟೂ ನೀವು ನಿಧಾನ ಮಾಡಿ.

ಬಂದವ್ರು ಉಳೀಬೇಕು ಅಂದ್ರೆ ಅವ್ರ ನಿರ್ಧಾರ ನಿಲ್ಲಬೇಕು. ಅವ್ರು ಮರ್ಜ್ ಮಾಡಿದ್ದನ್ನ (ಮುಖ್ಯ ಕೋಡ್‌ಗೆ ಸೇರಿಸಿದ್ದನ್ನ) ನಿಮ್ಮ ಸ್ಟೈಲ್ ಅಲ್ಲ ಅಂತ ರಾತ್ರೋರಾತ್ರಿ ತಿದ್ದಿದ್ರೆ ಮಾರನೇ ದಿನದಿಂದ ಎಲ್ಲದಕ್ಕೂ ನಿಮ್ಮನ್ನೇ ಕೇಳೋಕೆ ಶುರು ಮಾಡ್ತಾರೆ, ಅಲ್ಲಿಗೆ ಕಥೆ ಮುಗೀತು. ಸ್ಪಾನ್ಸರ್ ದುಡ್ಡು ಬರ್ತಿದ್ರೆ ಹೇಗೆ ಹಂಚ್ತೀವಿ ಅಂತ ಮೊದ್ಲೇ ಮಾತಾಡಿ.

ಇಷ್ಟೆಲ್ಲಾ ಮಾಡಿದ್ರೂ ಯಾರೂ ಸಿಗದೇ ಇರಬಹುದು. ಡೆಬಿಯನ್‌ನಲ್ಲಿ ಪ್ಯಾಕೇಜನ್ನ ದತ್ತು ಕೊಡೋಕೆ, ಅನಾಥ ಅಂತ ಘೋಷಿಸೋಕೆ ಪಟ್ಟಿನೇ ಇದೆ, ಪರ್ಲ್ ಭಾಷೆಯ ಪ್ಯಾಕೇಜ್ ಭಂಡಾರ ಸಿಪ್ಯಾನ್‌ನಲ್ಲಿ ಅಡಾಪ್ಟ್‌ಮಿ ಅನ್ನೋ ಅಕೌಂಟ್‌ಗೆ ಹಕ್ಕು ಬರೆದುಕೊಟ್ರೆ ಮುಂದೆ ಬೇಕಾದವ್ರು ಕೇಳಿ ಪಡ್ಕೋತಾರೆ. ಅಂಥ ವ್ಯವಸ್ಥೆ ಇಲ್ಲದ ಕಡೆ ರೆಪೊನ ಆರ್ಕೈವ್ ಮಾಡಿ (ಓದೋಕೆ ಮಾತ್ರ ಆಗೋ ಹಾಗೆ), ಎನ್‌ಪಿಎಂನಲ್ಲಿ ಡೆಪ್ರಿಕೇಟ್ (ಇನ್ನು ಬಳಸ್ಬೇಡಿ) ಸಂದೇಶ ಹಾಕಿ, ಬದಲಿಗೆ ಏನು ಬಳಸಬಹುದು ಅಂತ ಅದರಲ್ಲೇ ಒಂದು ಸಾಲು ಬರೀರಿ, ಪ್ಯಾಕೇಜ್ ಹೆಸರು ಮಾತ್ರ ಗೊತ್ತಿಲ್ಲದೋರ ಕೈಗೆ ಕೊಡ್ಬೇಡಿ.