ಲೆಕ್ಕ ನಾ ಕೊಡ್ತೀನಿ, ಕತಿ ನೀವ್ ಬರೀರಿ

ಚಿತ್ತಾಪುರ ತಾಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ವಾಕ್ಯರೂಪದ ಲೆಕ್ಕ ಕೊಟ್ಟರೆ ಮಕ್ಕಳು ‘ಒಟ್ಟು’ ಎಲ್ಲಿದೆ, ‘ಉಳಿದ’ ಎಲ್ಲಿದೆ ಅಂತ ಹುಡುಕುತ್ತಾರೆ. ‘5 ರೂಪಾಯಿ ಖರ್ಚಾಗಿ 12 ಉಳಿಯಿತು, ಮೊದಲು ಎಷ್ಟಿತ್ತು?’ ಅಂದರೆ, ‘ಉಳಿಯಿತು’ ಕಂಡದ್ದೇ ತಡ, ಕಳೆದು 7 ಬರೆದುಬಿಡುತ್ತಾರೆ.

ಹಾಗಾಗಿ ಉಲ್ಟಾ ಮಾಡಿದೆ. ಲೆಕ್ಕ ಬೋರ್ಡಿನ ಮೇಲೆ ನಾನು ಬರೆಯುತ್ತೇನೆ, ಕಥೆ ಅವರು ಕಟ್ಟಬೇಕು. ಮನೆಮಾತಿನಲ್ಲೇ ಬರೆಯಲಿ, ಕಾಗುಣಿತ ಆಮೇಲೆ.

15 – 8 ಕೊಟ್ಟರೆ ಎಲ್ಲರೂ ತಿಂದದ್ದು, ಕೊಟ್ಟದ್ದು, ಕಳಕೊಂಡದ್ದೇ. ‘ಯಾರೂ ಏನೂ ತಿನ್ನಬಾರದು, ಕೊಡಬಾರದು’ ಅಂದೆ. ಬಹಳ ಹೊತ್ತು ಸುಮ್ಮನಿದ್ದ ಹುಡುಗಿಯೊಬ್ಬಳು ಬರೆದಳು: ‘ಅಣ್ಣಗ 15 ವರ್ಷ, ನನಗ 8. ನಾ ಹುಟ್ಟಿದಾಗ ಅಣ್ಣ ಎಷ್ಟು ವರ್ಷದಾಂವ ಇದ್ದ?’ ವ್ಯತ್ಯಾಸವೂ ಕಳೆಯುವ ಲೆಕ್ಕವೇ ಅಂತ ನಾನು ಎಷ್ಟು ಹೇಳಿದ್ದರೂ ಇಷ್ಟು ಚಂದ ತಲುಪುತ್ತಿರಲಿಲ್ಲ.

ಸಂಖ್ಯೆಗಳೂ ಬದುಕಿಗೆ ಹೊಂದಬೇಕು. ಒಬ್ಬ ಕ್ವಿಂಟಲ್ ತೊಗರಿಗೆ 70 ರೂಪಾಯಿ ಅಂತ ಬರೆದಿದ್ದ. ‘ಹಂಗ್ ಮಾರಿದ್ರ ನಮ್ಮಪ್ಪ ಹೊಲಾನೂ ಮಾರಬೇಕಾಗ್ತದ್ರಿ ಸರ್’ ಅಂತ ಹಿಂದಿನಿಂದ ದನಿ ಬಂತು. 2024–25ರ ಬೆಂಬಲ ಬೆಲೆ 7,550 ರೂಪಾಯಿ ಅಂತ ಹೇಳಿದೆ. ಹಾಗಾದರೆ ಕಿಲೋಗೆ ಎಷ್ಟು? 100ರಿಂದ ಭಾಗಿಸುವ ಲೆಕ್ಕ ಅಲ್ಲೇ ಹುಟ್ಟಿತು.

ಎಲ್ಲಕ್ಕಿಂತ ಹೆಚ್ಚು ಮಾತು ನಡೆದದ್ದು 26 ÷ 4 ಮೇಲೆ. ಭಾಗಲಬ್ಧ 6, ಶೇಷ 2. ಅದನ್ನು ಎಲ್ಲರೂ ಮಾಡುತ್ತಾರೆ. ಆದರೆ ಶೇಷವನ್ನು ಏನು ಮಾಡುವುದು? ಒಬ್ಬ ಬರೆದದ್ದು: ಜಾತ್ರಿಗೆ 26 ಮಂದಿ, ಒಂದು ಆಟೋಕ್ಕ ನಾಲ್ಕು ಮಂದಿ, ಆಟೋ ಎಷ್ಟು ಬೇಕು? ಬಿಡಿಸಿದವಳು 6 ಅಂದಳು. ‘ಉಳದ ಇಬ್ರು ನಡಕೋತ ಬರಬೇಕೇನು?’ ಅಂತ ಅವನು ಜಗಳಕ್ಕೇ ನಿಂತ. ಉತ್ತರ 7. ಇನ್ನೊಬ್ಬಳ ಕಥೆಯಲ್ಲಿ 26 ರೊಟ್ಟಿ, ನಾಲ್ಕು ಮಂದಿ. ಉಳಿದೆರಡನ್ನು ಮುರಿದು ಹಂಚಿ ತಲಾ ಆರೂವರೆ. ಮತ್ತೊಬ್ಬನ 26 ರೂಪಾಯಿಗೆ 4 ರೂಪಾಯಿಯ ಪೆನ್ನು ಆರೇ ಬರುತ್ತವೆ, 2 ರೂಪಾಯಿ ಜೇಬಿನಲ್ಲಿ. ಭಾಗಾಕಾರ ಒಂದೇ, ಉತ್ತರ ಮೂರು. ಯಾವುದು ಸರಿ ಅನ್ನುವುದನ್ನು ಕಥೆಯೇ ಹೇಳುತ್ತದೆ.

ಎರಡು ನಿಯಮ ಮಾತ್ರ ಬಿಗಿ. ಬರೆದವರು ತಾವೇ ಮೊದಲು ಬಿಡಿಸಿರಬೇಕು. ಬೇರೆಯವರಿಗೆ ಪ್ರಶ್ನೆ ತಿಳಿಯದಿದ್ದರೆ ನನ್ನ ಹತ್ತಿರ ಬರುವಂತಿಲ್ಲ, ಬರೆದವರನ್ನೇ ಹೋಗಿ ಕೇಳಬೇಕು. ಕೇಳಿಸಿಕೊಂಡವರು ಪಾಟಿ ಒರೆಸಿ ಪ್ರಶ್ನೆಯನ್ನು ಮತ್ತೆ ಬರೆಯುತ್ತಾರೆ.